ಮಳೆಗೋಡೆಯ ಹಲಗೆ ಬಿಚ್ಚುವ ಕ್ರಮ

ಮುಂಗಾರಿನ ಇರಚಲು ನೇರವಾಗಿ ಬಡಿಯುವ ಪಡುವಣ ಗೋಡೆಗೆ ಕೊಡಗಿನಲ್ಲಿ ಕೆಲವರು ತಗಡನ್ನೋ ಹಲಗೆಯನ್ನೋ ಹೊದಿಸುತ್ತಾರೆ. ಈ ಟಿಪ್ಪಣಿ ಹಲಗೆ ಹೊದಿಕೆಯನ್ನು ಕುರಿತದ್ದು. ಮರ ಸೀಳದೆ, ಮತ್ತೆ ಬಳಸಲು ಬರುವಂತೆ ಅದನ್ನು ಬಿಚ್ಚುವುದು ಹೇಗೆಂಬುದಷ್ಟೇ ಇಲ್ಲಿಯ ವಿಷಯ.

ನೆನೆದ ಮರ ಉಬ್ಬಿ ಮೊಳೆಯನ್ನು ಬಿಗಿಹಿಡಿಯುತ್ತದೆ, ಒಣಗಿದಾಗ ಕುಗ್ಗಿ ಹಿಡಿತ ಸಡಿಲಿಸುತ್ತದೆ. ಆದ್ದರಿಂದ ಫೆಬ್ರವರಿ, ಮಾರ್ಚ್ ಈ ಕೆಲಸಕ್ಕೆ ತಕ್ಕ ಕಾಲ. (ರೊಬಸ್ಟಾ ಕಾಫಿಯ ಕೊಯ್ಲು ಮುಗಿಯದೆ ಏಣಿ ಹಿಡಿಯಲು ಜನ ಸಿಗುವುದಿಲ್ಲ ಎಂಬುದು ಬೇರೆ ಮಾತು.) ನೀರು ಒಳನುಗ್ಗದಿರಲೆಂದು ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಬರುವಂತೆ, ಬುಡದಿಂದ ಮೇಲಕ್ಕೆ ಹೊಡೆದಿರುವುದರಿಂದ, ಬಿಚ್ಚುವುದನ್ನು ಮೇಲಿನ ಸಾಲಿನಿಂದಲೇ ಆರಂಭಿಸಬೇಕು.

ಇನ್ನು ಮೊಳೆಯ ವಿಚಾರ. ಮೊಳೆ ಒಳಹೋಗುವಾಗ ಮರದ ನಾರುಗಳು ಅದರ ಜೊತೆಗೇ ಬಾಗಿ, ಎರಡೂ ಬದಿಯಿಂದ ಅದನ್ನು ಅದುಮಿ ಹಿಡಿಯುತ್ತವೆ. ಅದರ ಮೇಲೆ ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಹಿಡಿತ ಇನ್ನೂ ಗಟ್ಟಿಯಾಗುತ್ತದೆ. ಹೀಗಾಗಿ ಹಳೆಯ ಮೊಳೆಯನ್ನು ಕೀಳುವ ಮೊದಲು ತಲೆಯ ಮೇಲೆ ಒಂದು ಪೆಟ್ಟು ಕೊಟ್ಟು ತುಸು ಒಳಕ್ಕೆ ತಳ್ಳಬೇಕು. ಇದು ವಿಚಿತ್ರವಾಗಿ ತೋರಬಹುದು. ಆದರೆ ತುಕ್ಕಿನ ಅಂಟು ಬಿಡುವುದು ಆ ಪೆಟ್ಟಿಗೇ. ಅನಂತರ ಚಪ್ಪಟೆ ಮೀಟುಗೋಲನ್ನು ಹಲಗೆಯ ಅಡಿಗೆ, ಎರಡು ಮೊಳೆಗಳ ನಡುವೆ ಅಲ್ಲ, ಮೊಳೆಯ ಪಕ್ಕದಲ್ಲೇ ತೂರಿಸಿ, ಕಾಲಂಗುಲದಷ್ಟು ಎತ್ತಿ, ಹಲಗೆಯನ್ನು ಮತ್ತೆ ಹಿಂದಕ್ಕೆ ತಟ್ಟಿದರೆ ಮೊಳೆಯ ತಲೆ ಹೊರಗೆ ನಿಲ್ಲುತ್ತದೆ. ನಾನು ಅವಸರದಲ್ಲಿ ನಡುವೆ ಮೀಟಿ, ಒಂದು ಒಳ್ಳೆಯ ಹಲಸಿನ ಹಲಗೆಯ ತುದಿಯನ್ನು ಸೀಳಿಸಿದ್ದೇನೆ.

ಕೀಳುವ ಸುತ್ತಿಗೆಯು ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಕೈ ಹಿಡಿದ ಜಾಗ ಆನಿಕೆಯಿಂದ 30 ಸೆಂ.ಮೀ., ಮೊಳೆ 3 ಸೆಂ.ಮೀ. ದೂರವಿದ್ದರೆ ಕೈಯ ಬಲ ಲೆಕ್ಕದಲ್ಲಿ 10 ಪಟ್ಟಾಗುತ್ತದೆ. ಅಷ್ಟೂ ಬಲ ಹಲಗೆಯ ಮೈಮೇಲೆ ಒತ್ತಿ ಕುಳಿ ಬೀಳಿಸುತ್ತದೆ. ಅದಕ್ಕೇ ಸುತ್ತಿಗೆಯ ಅಡಿಗೆ ಮರದ ತುಂಡೊಂದನ್ನು ಇಡಬೇಕು. ತಲೆ ಮುರಿದ ಮೊಳೆಗೆ ಹಲಗೆ ಮತ್ತು ರೀಪರಿನ (ಹಲಗೆಯನ್ನು ಹೊಡೆದಿರುವ ಅಡಿಯ ಮರದ ಪಟ್ಟಿ) ನಡುವೆ ಹ್ಯಾಕ್ಸಾ ಬ್ಲೇಡು ಹಾಯಿಸಿ ಕತ್ತರಿಸಿ, ಉಳಿದ ತುಂಡನ್ನು ಹಲಗೆಯ ಹಿಂಬದಿಯಿಂದ ಇಕ್ಕಳದಲ್ಲಿ ಎಳೆದರೆ ಮುಂಬದಿಯ ಮೈ ಕೆಡುವುದಿಲ್ಲ.

ಬಣ್ಣ ಬಳಿದ ಹಳೆಯ ಹಲಗೆಯಾದರೆ ಒಣದಾಗಿ ಉಜ್ಜಬಾರದು, ಸುಡಲೂಬಾರದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಕಿತ್ತ ಮೊಳೆಗಳನ್ನು ಆಗಿಂದಾಗಲೇ ಡಬ್ಬಕ್ಕೆ ಹಾಕಬೇಕು. ಕಾಲಿಗೆ ಚುಚ್ಚಿದರೆ ಟೆಟನಸ್ ಚುಚ್ಚುಮದ್ದಿನ ಕುರಿತು ವೈದ್ಯರನ್ನು ಅಂದೇ ಕಾಣಬೇಕು.

ಪ್ರತಿ ಹಲಗೆಯ ಬೆನ್ನಿಗೆ ಸೀಮೆಸುಣ್ಣದಲ್ಲಿ ಸಾಲಿನ ಸಂಖ್ಯೆ ಬರೆದಿಟ್ಟು, ತೆರೆದ ಗೋಡೆಯ ರೀಪರುಗಳನ್ನು ಒಂದೊಂದಾಗಿ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲಿದೆಯೇ ಎಂದು ಅಲ್ಲಿಯೇ ಕೆತ್ತಿ ಪರೀಕ್ಷಿಸಬೇಕು.