ಮಗುವಿನ ಸುಪರ್ದಿ: ಮಧ್ಯಂತರ ಆದೇಶವನ್ನು ಹಗುರವಾಗಿ ಕಾಣಬೇಡಿ

ವಿಚ್ಛೇದನದ ಪ್ರಕರಣ ಹಿಡಿದು ಬರುವ ತಂದೆ ತಾಯಂದಿರಲ್ಲಿ ಹೆಚ್ಚಿನವರು ಮೊದಲು ಕೇಳುವುದು, ಐದು ವರ್ಷ ತುಂಬಿದರೆ ಮಗು ತಂದೆಗೆ ಸೇರುತ್ತದೆಯೇ ಎಂದು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆದರೆ ಐದು ತುಂಬಿದ ಕೂಡಲೇ ಅದು ತಂತಾನೇ ತಂದೆಯ ಸುಪರ್ದಿಗೆ ಹೋಗುತ್ತದೆ ಎಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎನ್ನುವ 13ನೇ ಕಲಮು ಯಾವ ವಯಸ್ಸಿಗೂ ಅನ್ವಯಿಸುತ್ತದೆ.

ನನ್ನ ಅನುಭವದಲ್ಲಿ ಕಕ್ಷಿದಾರರು ಅಂತಿಮ ತೀರ್ಪಿನ ಮೇಲೆಯೇ ಕಣ್ಣಿಟ್ಟು, ಪ್ರಕರಣ ಮುಗಿಯುವವರೆಗಿನ ತಾತ್ಕಾಲಿಕ ಆದೇಶ ಕೋರುವ ಮಧ್ಯಂತರ ಅರ್ಜಿಯನ್ನು ಉಪೇಕ್ಷಿಸುತ್ತಾರೆ. ಸಾಕ್ಷ್ಯ, ಪಾಟೀಸವಾಲು, ಮೇಲ್ಮನವಿ ಮುಗಿಯುವಷ್ಟರಲ್ಲಿ ಮಗು ಒಂದು ಮನೆಗೆ, ಒಂದು ಶಾಲೆಗೆ ಹೊಂದಿಕೊಂಡಿರುತ್ತದೆ, ಮತ್ತು ಆ ಹೊಂದಿಕೆಯನ್ನು ಕದಲಿಸಲು ನ್ಯಾಯಾಲಯಗಳು ಸಹಜವಾಗಿಯೇ ಹಿಂಜರಿಯುತ್ತವೆ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾಗಿ ತಂದೆಯ ಬಳಿ ಬೆಳೆದಿದ್ದ ಬಾಲಕಿಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಸುಪರ್ದಿಗೆ ಕೊಟ್ಟದ್ದು ನಿಜ. ಆದರೆ ಅಲ್ಲಿಗೆ ತಲುಪಲು ಆ ತಾಯಿಗೆ ವರ್ಷಗಳೇ ಹಿಡಿದವು, ಮತ್ತು ಕಳೆದುಹೋದ ಆ ಬಾಲ್ಯವನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ಆದ್ದರಿಂದ ಭೇಟಿಯ ಹಕ್ಕನ್ನು ಕೇಳುವಾಗ ಅರ್ಜಿಯಲ್ಲಾಗಲಿ, ಇಬ್ಬರೂ ಒಪ್ಪಿ ನ್ಯಾಯಾಲಯಕ್ಕೆ ಸಲ್ಲಿಸುವ ಜಂಟಿ ಮೆಮೊದಲ್ಲಾಗಲಿ 'ವಾರಾಂತ್ಯದಲ್ಲಿ ಭೇಟಿ' ಎಂದು ಬರೆದು ಕೈತೊಳೆದುಕೊಳ್ಳಬಾರದು. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಲ್ಲಿ, ಮಗುವನ್ನು ಕರೆತರುವವರು ಯಾರು, ಜ್ವರ ಬಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು, ದಸರಾ ಮತ್ತು ಬೇಸಿಗೆ ರಜೆ ಹೇಗೆ ಹಂಚಿಕೆಯಾಗಬೇಕು, ಶಾಲೆಯ ಪೋಷಕರ ಸಭೆಗೆ ಯಾರು ಹೋಗಬಹುದು, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಆದೇಶದಲ್ಲಿ ಹೇಳದೆ ಬಿಟ್ಟ ಪ್ರತಿಯೊಂದು ಸಂಗತಿಯೂ ಮುಂದೆ ಹೊಸ ಜಗಳಕ್ಕೆ ಕಾರಣವಾಗುತ್ತದೆ, ಅದನ್ನು ಎದುರಿಗೆ ನಿಂತು ನೋಡುವುದು ಮಗು. ಸುಪರ್ದಿ ಸಿಗದವರು ದಿನವೂ ಐದು-ಹತ್ತು ನಿಮಿಷ ಮಗುವಿನೊಂದಿಗೆ ಮಾತನಾಡುವ ಹಕ್ಕನ್ನು 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಊರು ಅಥವಾ ದೇಶ ಬಿಟ್ಟು ಕೆಲಸದಲ್ಲಿರುವವರು ಫೋನ್ ಮತ್ತು ವಿಡಿಯೊ ಕರೆಯ ಸಮಯವನ್ನೂ ಕೇಳಿ ಬರೆಸಿಕೊಳ್ಳಬೇಕು.

ಜೀವನಾಂಶ ಕೊಡಲಿಲ್ಲವೆಂದು ಮಗುವನ್ನು ತೋರಿಸದಿರುವುದು, ತೋರಿಸಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು, ಎರಡೂ ತಪ್ಪು. ಇವೆರಡಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಪರಿಹಾರವಿದೆ.

ನ್ಯಾಯಾಧೀಶರು ಕೊಠಡಿಯಲ್ಲಿ ಮಗುವಿನೊಂದಿಗೆ ಮಾತನಾಡುವ ದಿನ ಹತ್ತಿರವಾದಾಗ ಏನು ಹೇಳಬೇಕೆಂದು ಕಲಿಸಿಕೊಡುವವರನ್ನು ಕಂಡು ನನಗೆ ನೋವಾಗುತ್ತದೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 17ನೇ ಕಲಮಿನಂತೆ, ತಿಳಿದು ಆಯ್ಕೆ ಮಾಡುವಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು, ಅದಕ್ಕೆ ಕಟ್ಟುಬಿದ್ದಿಲ್ಲ. ದೊಡ್ಡವರ ಮಾತನ್ನು ಒಪ್ಪಿಸುವ ಮಗುವನ್ನು ಗುರುತಿಸುವುದು ಅನುಭವಿ ನ್ಯಾಯಾಧೀಶರಿಗೆ ಕಷ್ಟವಲ್ಲ, ಮತ್ತು ಹಾಗೆ ಕಲಿಸಿದ್ದು ಕಲಿಸಿದವರ ವಿರುದ್ಧವೇ ತೂಗುವುದುಂಟು.

ಸುಪರ್ದಿಯ ಆದೇಶ ಎಂದಿಗೂ ಕೊನೆಯ ಮಾತಲ್ಲ. ಶಾಲೆ, ಉದ್ಯೋಗ, ಆರೋಗ್ಯ ಬದಲಾದಾಗ ಅದನ್ನು ಮಾರ್ಪಡಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು ಅವಕಾಶ ಕೊಡುತ್ತದೆ. ಭೇಟಿ ತಪ್ಪಿದ ದಿನಾಂಕಗಳು, ಕಳಿಸಿದ ಸಂದೇಶಗಳು, ಕಟ್ಟಿದ ಶುಲ್ಕದ ರಸೀದಿಗಳನ್ನು ಜೋಡಿಸಿಟ್ಟುಕೊಂಡವರು ಅಂಥ ಅರ್ಜಿ ಸಲ್ಲಿಸುವಾಗ ಬರಿಯ ಆರೋಪಗಳನ್ನೇ ನೆಚ್ಚಿಕೊಳ್ಳಬೇಕಾಗುವುದಿಲ್ಲ.