ಮಾತ್ರೆಗಳ ಚೀಲ ತುಂಬಿದೆ, ತಟ್ಟೆ ಬರಿದಾಗಿದೆ

ಅರವತ್ತು ದಾಟಿದವರು ಆಹಾರದ ಸಲಹೆಗೆಂದು ನನ್ನಲ್ಲಿಗೆ ಮೊದಲ ಸಲ ಬರುವಾಗ, ಮನೆಯಲ್ಲಿ ಸೇವಿಸುತ್ತಿರುವ ಮಾತ್ರೆ, ಪುಡಿ, ಟಾನಿಕ್, ಕಷಾಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ ಎಂದು ಕೇಳಿಕೊಳ್ಳುತ್ತೇನೆ. ವೈದ್ಯರ ಚೀಟಿಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್‌ಗೆ ಬರೆದ ಮಾತ್ರೆಗಳಷ್ಟೇ ಇರುತ್ತವೆ. ಚೀಲದಲ್ಲಿ ಅದರ ಎರಡರಷ್ಟು ಇರುತ್ತದೆ: ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಮೀನೆಣ್ಣೆಯ ಕ್ಯಾಪ್ಸೂಲ್, ಕೂದಲು ಉದುರದಿರಲೆಂದು ಬಯೋಟಿನ್, ಮಂಡಿನೋವಿಗೆಂದು ಅರಿಶಿನದ ಸಾರ, ಕೋವಿಡ್ ಕಾಲದಲ್ಲಿ ಶುರುವಾಗಿ ಇನ್ನೂ ನಿಲ್ಲದ ಅಮೃತಬಳ್ಳಿ ರಸ. ಇವುಗಳಲ್ಲಿ ಪ್ರತಿಯೊಂದನ್ನೂ ಮೇಜಿನ ಮೇಲಿಟ್ಟು, ಇದನ್ನು ಯಾರು ಹೇಳಿದರು, ಯಾವ ಕೊರತೆಗೆ, ಎಂದು ನಿಲ್ಲಿಸಬೇಕು ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ.

ಆಮೇಲೆ ನಿನ್ನೆ ಏನೇನು ಊಟ ಮಾಡಿದಿರಿ ಎಂದು ವಿಚಾರಿಸುತ್ತೇನೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಕಾಫಿಯ ಜೊತೆ ಬಿಸ್ಕತ್ತು, ರಾತ್ರಿ ಹಸಿವಿಲ್ಲವೆಂದು ಸ್ವಲ್ಪ ಮಜ್ಜಿಗೆ ಅನ್ನ. ಅರವತ್ತು ಕಿಲೋ ತೂಕದ ಒಬ್ಬರ ಇಂಥ ದಿನದಲ್ಲಿ ಪ್ರೋಟೀನ್ ಮೂವತ್ತು ಗ್ರಾಂ ಮುಟ್ಟುವುದೂ ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ವಯಸ್ಕರಿಗೆ ಹೇಳುವ ಪ್ರಮಾಣ ತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ ಇವರಿಗೆ ಐವತ್ತು ಗ್ರಾಂ. ವಯಸ್ಸಾದವರಿಗೆ ಕಿಲೋಗೆ ಒಂದು ಗ್ರಾಂ ಅಥವಾ ತುಸು ಹೆಚ್ಚೇ ಬೇಕು ಎನ್ನುವ ತಜ್ಞರು ಬಹಳ ಮಂದಿ ಇದ್ದಾರೆ, ನಾನೂ ಅದನ್ನೇ ಪಾಲಿಸುತ್ತೇನೆ. ಸ್ನಾಯು ಕರಗಿದವರು ಬೀಳುತ್ತಾರೆ, ಬಿದ್ದವರ ಸೊಂಟದ ಮೂಳೆ ಮುರಿಯುತ್ತದೆ. ಚೀಲದಲ್ಲಿರುವ ಮಲ್ಟಿವಿಟಮಿನ್‌ನಲ್ಲಿ ಪ್ರೋಟೀನ್ ಇಲ್ಲ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇದೇ. ತಿಂಗಳಿಗೆ ಸಾವಿರಾರು ರೂಪಾಯಿ ಡಬ್ಬಿಗಳಿಗೆ ಹೋಗುತ್ತಿರುತ್ತದೆ, ಊಟ ಮಾತ್ರ ಅನ್ನ ಸಾರಿಗೆ ಇಳಿದಿರುತ್ತದೆ.

ಇದನ್ನು ಸರಿಪಡಿಸಲು ಹೊಸ ಅಡುಗೆ ಕಲಿಯಬೇಕಿಲ್ಲ. ಬಸ್ಸಾರನ್ನೇ ನೋಡಿ. ಕಾಳು ಮತ್ತು ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಹಲ್ಲು ಸರಿಯಿಲ್ಲದ ಹಿರಿಯರು ಸಾರನ್ನಷ್ಟೇ ಕಲಸಿಕೊಂಡು ಉಂಡು ಏಳುತ್ತಾರೆ, ಪ್ರೋಟೀನಿನ ಬಹುಪಾಲು ಪಲ್ಯದ ಬಟ್ಟಲಲ್ಲೇ ಉಳಿಯುತ್ತದೆ. ಆ ಪಲ್ಯವನ್ನು ಮೆತ್ತಗೆ ಮಸೆದು ತಟ್ಟೆಗೆ ಹಾಕಿದರೆ ಅರ್ಧ ಕೆಲಸ ಆಯಿತು. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಸಂಜೆ ಬಿಸ್ಕತ್ತಿನ ಬದಲು ಹುರಿಗಡಲೆ ಪುಡಿ ಅಥವಾ ಹೆಸರುಕಾಳಿನ ಉಸಲಿ, ಎರಡು ಹೊತ್ತೂ ಮೊಸರು, ತಿನ್ನುವವರಿಗೆ ಒಂದು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಣಗಿದ ಬೇಳೆ ಮೂವತ್ತು ಗ್ರಾಂ ಅಳೆದು ಬೇಯಿಸಿದರೆ ಸುಮಾರು ಏಳು ಗ್ರಾಂ ಪ್ರೋಟೀನ್ ಇರುತ್ತದೆ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಪ್ರೋಟೀನ್ ಪುಡಿಗಳಿಂದ ದೂರವಿರಿ ಎಂದೇ ಹೇಳಿದೆ. ಕಾಯಿಲೆಯಿಂದ ಸೊರಗಿ ಏನೂ ತಿನ್ನಲಾಗದವರಿಗೆ ಕೆಲವು ವಾರ ಪುಡಿ ಬೇಕಾಗಬಹುದು, ಅದನ್ನು ನಾನೂ ಬರೆಯುತ್ತೇನೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರಿಗೆ ಪ್ರೋಟೀನನ್ನು ವೈದ್ಯರೇ ನಿಗದಿ ಮಾಡಬೇಕು.

ಹಾಗಾದರೆ ಮಾತ್ರೆಯೇ ಬೇಡವೇ? ಬೇಕು, ಕೆಲವರಿಗೆ ಖಂಡಿತ ಬೇಕು. ಊಟದಿಂದ ತುಂಬಲಾಗದ ಕೊರತೆ ಎಂದರೆ ನನಗೆ ಮೊದಲು ನೆನಪಾಗುವುದು ಬಿ12.

ಈ ವಿಟಮಿನ್ ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದ ಮೂಲಕ ಬರುತ್ತದೆ. ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲವೆಂದೇ ತಿಳಿಯಬೇಕು. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಧಾರಾಳವಾಗಿದೆ ಎಂದು ಮಾರುತ್ತಾರೆ, ಅದರಲ್ಲಿರುವುದು ಬಹುಪಾಲು ಮನುಷ್ಯನ ದೇಹ ಬಳಸಲಾಗದ ರೂಪ. ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ಅರ್ಧ ಲೀಟರ್ ಗಟ್ಟಿ ಹಾಲು ಅದರ ಹತ್ತಿರ ಬರುತ್ತದೆ, ಆದರೆ ಬೆಳಿಗ್ಗೆ ಸಂಜೆ ಕಾಫಿಗೆ ಬೀಳುವ ಹಾಲು ಅಷ್ಟಾಗುವುದಿಲ್ಲ. ವಯಸ್ಸಾದಂತೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ, ಆಹಾರದಲ್ಲಿ ಅಂಟಿಕೊಂಡಿರುವ ಬಿ12 ಬಿಡುಗಡೆಯಾಗುವುದೂ ತಗ್ಗುತ್ತದೆ. ಇದರ ಮೇಲೆ ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಆಮ್ಲ ತಗ್ಗಿಸುವ ಮಾತ್ರೆಯೂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಅದನ್ನು ಇನ್ನಷ್ಟು ಕುಂದಿಸುತ್ತವೆ. ಸಸ್ಯಾಹಾರಿ, ಅರವತ್ತೈದು ವರ್ಷ, ಮೆಟ್‌ಫಾರ್ಮಿನ್, ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ: ಇವೆಲ್ಲ ಒಬ್ಬರಲ್ಲೇ ಸೇರಿರುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಅಂಥವರು ಪಾದ ಜುಮುಗುಟ್ಟುತ್ತದೆ, ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ, ಕತ್ತಲಲ್ಲಿ ನಡೆದರೆ ತೂರಾಡುತ್ತೇನೆ ಎನ್ನುತ್ತಾರೆ. ಶುಗರ್‌ನಿಂದ ನರ ಹೋಗಿದೆ ಎಂದು ಮನೆಯವರು ಒಪ್ಪಿಕೊಂಡುಬಿಟ್ಟಿರುತ್ತಾರೆ. ಸಕ್ಕರೆಯೂ ಕಾರಣವಿರಬಹುದು, ಆದರೆ ಬಿ12 ಪರೀಕ್ಷಿಸದೆ ಹಾಗೆಂದು ತೀರ್ಮಾನಿಸಬಾರದು. ತಡವಾದರೆ ನರದ ಹಾನಿ ಪೂರ್ತಿ ವಾಸಿಯಾಗುವುದಿಲ್ಲ. ಸಮಾಧಾನದ ಸಂಗತಿ ಎಂದರೆ, ಮಾತ್ರೆಯಲ್ಲಿರುವ ಬಿ12 ಆಹಾರಕ್ಕೆ ಅಂಟಿಕೊಂಡಿಲ್ಲವಾದ್ದರಿಂದ ಆಮ್ಲ ಕಡಿಮೆಯಿದ್ದರೂ ಹೀರಲ್ಪಡುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಶೇಕಡಾ ಒಂದರಷ್ಟು ತಾನಾಗಿಯೇ ಕರುಳು ದಾಟುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಗೆ ಅರ್ಥವಿರುವುದು ಹಾಗಾಗಿ. ನರದ ಲಕ್ಷಣ ಇರುವವರಿಗೆ ವೈದ್ಯರು ಚುಚ್ಚುಮದ್ದಿನಿಂದಲೇ ಆರಂಭಿಸುತ್ತಾರೆ.

ರಕ್ತ ಕಡಿಮೆ ಎಂದು ಫೋಲಿಕ್ ಆಮ್ಲವನ್ನು ಮಾತ್ರ ನುಂಗುವುದು ಇಲ್ಲಿ ಅಪಾಯ. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಬಿ12 ಕೊರತೆ ಒಳಗೊಳಗೇ ನರವನ್ನು ಹಾಳುಮಾಡುತ್ತಿರುತ್ತದೆ. ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಪತ್ತೆಯಾದ ಬಗೆಯೇ ನಮ್ಮ ದೇಶಕ್ಕೆ ಸೇರಿದ್ದು. 1928ರಲ್ಲಿ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಬಾಂಬೆಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಅವರು ಆ ಹೆಂಗಸರ ಊಟವನ್ನು ಪರಿಶೀಲಿಸಿದರು, ಯೀಸ್ಟ್ ಸಾರ ಕೊಟ್ಟು ಗುಣವಾಗುವುದನ್ನು ತೋರಿಸಿದರು. ಅದರಲ್ಲಿದ್ದ ಅಂಶವೇ ಫೋಲೇಟ್ ಎಂದು ಮುಂದೆ ತಿಳಿಯಿತು. ತಟ್ಟೆಯಲ್ಲಿ ಏನಿಲ್ಲ ಎಂದು ನೋಡಿ ಆಮೇಲೆ ಪೂರಕಕ್ಕೆ ಕೈಹಾಕಿದ ಆ ಕ್ರಮವನ್ನು ನಾನು ಬಹಳ ಗೌರವಿಸುತ್ತೇನೆ.

ಕ್ಯಾಲ್ಸಿಯಂ ವಿಷಯದಲ್ಲಿ ಹಳೆ ಮೈಸೂರು ಭಾಗದವರ ಮನೆಯಲ್ಲೇ ಉತ್ತರ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ಎಂಬತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆ ಸುಮಾರು 290 ಕೊಡುತ್ತದೆ. ಹಾಲು ಮೊಸರು ಸೇರಿ ಅರ್ಧ ಲೀಟರ್ ಆದರೆ 600. ಜೊತೆಗೆ ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಇದ್ದರೆ ಸಾವಿರ ದೂರವಿಲ್ಲ. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಆಕ್ಸಲೇಟ್ ಅದನ್ನು ಕಟ್ಟಿಹಾಕಿರುವುದರಿಂದ ಅಷ್ಟಾಗಿ ದಕ್ಕುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಖನಿಜಗಳನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ, ನಮ್ಮ ಅಜ್ಜಿಯರು ಮಕ್ಕಳಿಗೆ ಮಾಡುತ್ತಿದ್ದ ರಾಗಿ ಸರಿ ಮುದುಕರಿಗೂ ಒಳ್ಳೆಯದು. ಸಕ್ಕರೆ ಕಾಯಿಲೆ ಇರುವವರು ರಾಗಿ ಎಂದು ನೀರಾದ ಗಂಜಿಯನ್ನು ಲೋಟಗಟ್ಟಲೆ ಕುಡಿಯಬಾರದು, ಅದು ಬೇಗ ಸಕ್ಕರೆ ಏರಿಸುತ್ತದೆ. ಸೊಪ್ಪಿನ ಸಾರಿನ ಜೊತೆ ಚಿಕ್ಕ ಮುದ್ದೆಯೇ ವಾಸಿ.

ಮೂಳೆ ಸವೆತಕ್ಕೆ ಚಿಕಿತ್ಸೆ ನಡೆಯುತ್ತಿರುವವರು, ಹಾಲು ಮುಟ್ಟದವರು ಕ್ಯಾಲ್ಸಿಯಂ ಮಾತ್ರೆ ಬಿಡಬಾರದು. ಉಳಿದವರು ಊಟದ ಲೆಕ್ಕ ಮಾಡಿ, ಕೊರತೆಯಿದ್ದಷ್ಟು ಮಾತ್ರ ಸೇರಿಸಿಕೊಳ್ಳಲಿ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ದೇಹ ಚೆನ್ನಾಗಿ ಹೀರುವುದಿಲ್ಲ. ಕಾರ್ಬೊನೇಟ್ ರೂಪದ್ದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು.

ಡಿ ವಿಟಮಿನ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ ಎಂದು ಬರೆದಿರುತ್ತಾರೆ. ಅದನ್ನು ದಿನಕ್ಕೊಂದು ಎಂದು ತಿಳಿದು ತೆಗೆದುಕೊಂಡವರನ್ನು, ಎಂಟು ವಾರ ಮುಗಿದರೂ ಅಂಗಡಿಯಿಂದ ತರಿಸುತ್ತಲೇ ಹೋದವರನ್ನು ನೋಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು ಕವಿದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಕೊರತೆ ಇದ್ದವರಿಗೆ ಈ ವಿಟಮಿನ್ ನಿಜವಾದ ಉಪಕಾರಿ. ಕೊರತೆ ಇಲ್ಲದವರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೈಟಲ್ ಎಂಬ ದೊಡ್ಡ ಅಧ್ಯಯನ ಇದೆ. 25,871 ಮಂದಿಗೆ ದಿನಾ 2000 ಯೂನಿಟ್ ಡಿ3, ಒಂದು ಗ್ರಾಂ ಮೀನೆಣ್ಣೆ, ಅಥವಾ ಅವುಗಳಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟು ವರ್ಷಗಳ ಕಾಲ ಗಮನಿಸಿದರು. ಹೃದಯಾಘಾತ, ಪಾರ್ಶ್ವವಾಯು ಸೇರಿದ ಒಟ್ಟು ಪ್ರಮುಖ ಹೃದ್ರೋಗಗಳಲ್ಲಾಗಲಿ ಕ್ಯಾನ್ಸರಿನಲ್ಲಾಗಲಿ ಗಣನೀಯ ಇಳಿಕೆ ಕಾಣಲಿಲ್ಲ ಎಂದು 2018ರಲ್ಲಿ ಪ್ರಕಟವಾಯಿತು. ಮೂಳೆ ಮುರಿತವೂ ತಗ್ಗಲಿಲ್ಲ ಎಂದು 2022ರಲ್ಲಿ ಹೊರಬಂತು.

ಹೆಚ್ಚುವರಿ ವಿಟಮಿನ್‌ನಿಂದ ಲಾಭ ಇಲ್ಲದಿದ್ದರೂ ನಷ್ಟವೇನು ಎಂದು ಕೇಳುವವರಿಗೆ ಫಿನ್ಲೆಂಡಿನ ಅನುಭವ ಹೇಳುತ್ತೇನೆ. ಕ್ಯಾರೆಟ್ ಮೊದಲಾದ ತರಕಾರಿಗಳನ್ನು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡು, ಅದರ ಬೀಟಾ ಕ್ಯಾರೋಟಿನ್ ಅಂಶವನ್ನು ಮಾತ್ರೆಯಾಗಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗಿಸಿದರು. 1994ರಲ್ಲಿ ಬಂದ ಫಲಿತಾಂಶದಲ್ಲಿ, ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಕ್ಯಾರೆಟ್ ತಿನ್ನುವುದೂ ಅದರಿಂದ ಹಿಂಡಿ ತೆಗೆದ ಒಂದೇ ಅಂಶವನ್ನು ದೊಡ್ಡ ಪ್ರಮಾಣದಲ್ಲಿ ನುಂಗುವುದೂ ಒಂದೇ ಅಲ್ಲ. ಅರಿಶಿನಕ್ಕೂ ಇದೇ ಮಾತು. ಒಗ್ಗರಣೆಯ ಚಿಟಿಕೆಗೆ ನನ್ನ ತಕರಾರಿಲ್ಲ. ಆದರೆ ಕಾಳುಮೆಣಸಿನ ಅಂಶ ಸೇರಿಸಿ ಹೆಚ್ಚು ಹೀರುವಂತೆ ಮಾಡಿದ ಅರಿಶಿನದ ಸಾರದಿಂದ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಮೃತಬಳ್ಳಿ, ಅಶ್ವಗಂಧದ ನಿರಂತರ ಸೇವನೆಯ ನಂತರ ಕಾಮಾಲೆ ಬಂದವರ ವರದಿಗಳನ್ನು ಯಕೃತ್ ತಜ್ಞರು ಪ್ರಕಟಿಸಿದ್ದಾರೆ. ಮನೆಯ ಗಿಡದ್ದು ಎಂಬ ಒಂದೇ ಕಾರಣಕ್ಕೆ ವರ್ಷಪೂರ್ತಿ ಕುಡಿಯಬೇಡಿ.

ಮೀನೆಣ್ಣೆಗೆ ಬದಲು ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇವೆ. ಉತ್ತರ ಕರ್ನಾಟಕದ ಅಗಸಿ ಚಟ್ನಿಯಲ್ಲಿ ಸಸ್ಯಮೂಲದ ಒಮೆಗಾ-3 ಇದೆ, ಮೀನಿನದ್ದಕ್ಕೆ ಸಮನಲ್ಲದಿದ್ದರೂ ದಿನದ ರೊಟ್ಟಿಯೊಂದಿಗೆ ಅದು ತಪ್ಪದಿರಲಿ.

ವಿದೇಶದಲ್ಲಿರುವ ಮಕ್ಕಳಲ್ಲಿ ಒಂದು ವಿನಂತಿ. ಅಪ್ಪ ಅಮ್ಮನಿಗೆ ಡಬ್ಬಿ ತರುವ ಮುನ್ನ ಅದರ ಹಿಂದಿನ ಚೀಟಿಯ ಫೋಟೋವನ್ನು ಇಲ್ಲಿನ ವೈದ್ಯರಿಗೆ ಕಳಿಸಿ. ಆ ಡಬ್ಬಿಯಲ್ಲಿರುವ ಡಿ ವಿಟಮಿನ್ನೇ ಇಲ್ಲಿನ ಕ್ಯಾಲ್ಸಿಯಂ ಮಾತ್ರೆಯಲ್ಲೂ ವಾರದ ಪುಡಿಯಲ್ಲೂ ಇರುತ್ತದೆ, ಮೂರನ್ನೂ ಕೂಡಿಸಿ ನೋಡುವವರು ಯಾರೂ ಇರುವುದಿಲ್ಲ. ಆ ಹಣದಲ್ಲಿ ಅಮ್ಮನಿಗೆ ಸರಿಯಾಗಿ ಕೂರುವ ಹಲ್ಲಿನ ಸೆಟ್ ಮಾಡಿಸಿದರೆ ಕಾಳು, ಸೊಪ್ಪು, ಹಣ್ಣು ಎಲ್ಲವೂ ತಟ್ಟೆಗೆ ವಾಪಸು ಬರುತ್ತವೆ.

ಕೊನೆಗೆ ಹೊತ್ತಿನ ವಿಚಾರ. ಬೆಳಗಿನ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಔಷಧ ಪೂರ್ತಿ ಒಳಸೇರುವುದಿಲ್ಲ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ, ರಕ್ತ ಕೊಡುವ ಮುನ್ನ ಪ್ರಯೋಗಾಲಯದವರಿಗೆ ತಿಳಿಸಿ. ರಕ್ತ ತೆಳುಗೊಳಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಒಂದು ವಾರ ರಾಶಿ ಮತ್ತೊಂದು ವಾರ ಇಲ್ಲವೇ ಇಲ್ಲ ಎಂದಾಗದಂತೆ ಒಂದೇ ಅಳತೆಯಲ್ಲಿ ತಿನ್ನಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು, ನಿಂಬೆ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅರವತ್ತು ದಾಟಿದ ಗಂಡಸಿಗೋ, ಮುಟ್ಟು ನಿಂತು ವರ್ಷಗಳಾದ ಹೆಂಗಸಿಗೋ ಕಬ್ಬಿಣದ ಕೊರತೆ ಕಂಡರೆ, ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು, ಕೆಲವೊಮ್ಮೆ ಅದು ಗೆಡ್ಡೆಯಿಂದ. ಆ ತಪಾಸಣೆ ಆಗುವ ಮೊದಲು ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿದು, ಹಿಮೋಗ್ಲೋಬಿನ್ ಏರಿತೆಂದು ಸುಮ್ಮನಾಗಬೇಡಿ.