ಎಂಜಿಬಿ ಕೊಳ್ಳುವಾಗ ಎಂಜಿನ್ ಆಮೇಲೆ ನೋಡಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಾನೆಟ್ ಎತ್ತಿದರೆ ಹಳೆಯ ಪರಿಚಯದವರು ಸಿಗುತ್ತಾರೆ. 1955ರಲ್ಲಿ ಎಂಜಿ ಹೆಸರಿನಡಿ ಬಂದ ಎಂಜಿಎ ಕಾರಿನಲ್ಲಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ 1489 ಸಿಸಿ 'ಬಿ ಸೀರೀಸ್' ಎಂಜಿನ್. ನಮ್ಮ ಅಂಬಾಸಡರ್ ದಶಕಗಟ್ಟಲೆ ಓಡಿದ್ದೂ ಇದೇ ವಂಶದ ಪೆಟ್ರೋಲ್ ಎಂಜಿನ್ನಿನಿಂದ. ಇನ್ನೊಂದು ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದು ಹೆರಾಲ್ಡ್ ಕಾರಿನಿಂದ. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದದ್ದು ಅದೇ. ಸಂಸಾರಸ್ಥರ ಕಾರಿನ ಭಾಗಗಳನ್ನೇ ತೆಗೆದುಕೊಂಡು, ತಗ್ಗಾದ ಹಗುರ ಬಾಡಿ ಹೊದಿಸಿ, ಸಾಧಾರಣ ಸಂಬಳದವರಿಗೂ ಎಟಕುವ ಬೆಲೆಗೆ ಕೊಟ್ಟರು. ಈ ಕಾರುಗಳ ಸುಖವೂ ಕಾಟವೂ ಶುರುವಾಗುವುದು ಅಲ್ಲಿಂದಲೇ.

ಹೆಚ್ಚಿನವರು ಕೇಳಿಕೊಂಡು ಬರುವುದು ಎಂಜಿಎ ನಂತರ ಬಂದ ಎಂಜಿಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅದೇ ಬಿ ಸೀರೀಸ್ ವಂಶದ 1798 ಸಿಸಿ ಎಂಜಿನ್, ಸುಮಾರು 95 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಆದರೆ ನೆಲಕ್ಕೆ ಇಷ್ಟು ಹತ್ತಿರ ಕೂತು, ಮುಂದಿನ ಚಕ್ರಗಳ ಕೆಳಗಿನ ರಸ್ತೆ ಸ್ಟೀರಿಂಗ್ ಮೂಲಕ ಅಂಗೈಗೆ ತಿಳಿಯುತ್ತಾ ಹೋದರೆ ಗಂಟೆಗೆ ಎಂಬತ್ತು ಕಿಲೋಮೀಟರೂ ಧಾರಾಳವಾಯಿತು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ, ಎಸ್‌ಯು ಎಂಬ ಹೆಸರಿನ ಜೋಡಿ ಕಾರ್ಬುರೇಟರ್. ಎಂಜಿನ್ ಎಳೆಯುವ ಗಾಳಿಗೆ ತಕ್ಕಂತೆ ಕಾರ್ಬುರೇಟರಿನ ಒಳಗಿನ ಪಿಸ್ಟನ್ ಮೇಲೇಳುತ್ತದೆ. ಅದರ ಬುಡದಲ್ಲಿರುವ ಚೂಪು ಸೂಜಿಯೂ ಜೊತೆಗೇ ಎದ್ದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಪಿಸ್ಟನ್ ದಡಕ್ಕನೆ ಏಳದಂತೆ ಮೇಲಿನ ಕೊಳವೆಯಲ್ಲಿ ಒಂದಿಷ್ಟು ತೆಳು ಆಯಿಲ್ ಇರಬೇಕು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಗ್ಗರಿಸುತ್ತದೆ, ಎಂಜಿನ್ ಬಿಚ್ಚಬೇಕೇನೋ ಎಂದು ಹೆದರಿ ಬರುವ ಎಷ್ಟೋ ಜನರಿಗೆ ಬೇಕಾಗಿರುವುದು ಆ ಕೊಳವೆಗೆ ಒಂದು ಚಮಚ ಆಯಿಲ್, ಅಷ್ಟೇ. ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು ಕಂಪ್ಯೂಟರೂ ಬೇಡ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ನೋಡಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಆರಿಹೋದರೆ ಕಮ್ಮಿ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿಯಿದೆ. ಕಿವಿಯಿಂದಲೇ ಟ್ಯೂನ್ ಮಾಡುವ ಈ ಕೆಲಸವನ್ನು ಮಾಲೀಕರು ತಾವೇ ಕಲಿಯಬೇಕು ಎಂಬುದು ನನ್ನ ಆಸೆ. ಕೇಳಿದವರಿಗೆಲ್ಲ ಹೇಳಿಕೊಡುತ್ತೇನೆ.

ವೈರಿಂಗ್ ಬಗ್ಗೆ ದೂರುಗಳು ಬಹಳ. ತಪ್ಪನ್ನೆಲ್ಲ ವಿದ್ಯುತ್ ಭಾಗಗಳನ್ನು ಮಾಡಿಕೊಟ್ಟ ಲೂಕಾಸ್ ಕಂಪನಿಯ ತಲೆಗೆ ಕಟ್ಟುವುದು ರೂಢಿ. ನಾನು ನೋಡಿದ ಮಟ್ಟಿಗೆ ಮುಕ್ಕಾಲು ತೊಂದರೆ ಅರ್ತಿಂಗ್ ಜಾಗದ, ಅಂದರೆ ವೈರು ಕಾರಿನ ಲೋಹಕ್ಕೆ ಸೇರುವ ಕಡೆಯ, ತುಕ್ಕಿನದು, ಇಲ್ಲವೇ ನಡುವೆ ಯಾರೋ ಸುತ್ತಿಟ್ಟ ಟೇಪಿನದು. ಕೆರೆದು ಶುದ್ಧಮಾಡಿ ಬಿಗಿದರೆ ದೀಪ ಉರಿಯುತ್ತದೆ. ಒಂದು ಎಚ್ಚರಿಕೆ: 1967ಕ್ಕೆ ಮುಂಚಿನ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಯ ಲೋಹಕ್ಕೆ ಸೇರಿರುತ್ತದೆ. ಯೋಚಿಸದೆ ಹೊಸ ಸ್ಟೀರಿಯೋ ಕೂರಿಸಿದರೆ ಅದು ಸುಟ್ಟೇ ಹೋಗುತ್ತದೆ. ಓಡುವಾಗಲೂ ಗೇರು ಸಲೀಸಾಗಿ ಕೂರುವಂತೆ ಮಾಡುವ ಸಿಂಕ್ರೋಮೆಶ್ ಕೂಡ ಆ ಕಾರುಗಳ ಮೊದಲ ಗೇರಿಗೆ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಿ.

ನಿಜವಾಗಿ ಹೆದರಬೇಕಾದದ್ದು ತುಕ್ಕಿಗೆ. ಎಂಜಿಬಿಗೆ ಪ್ರತ್ಯೇಕ ಚಾಸಿ (ಅಡಿಯ ಚೌಕಟ್ಟು) ಇಲ್ಲ. ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಭಾರವನ್ನೆಲ್ಲ ಬಹುಮಟ್ಟಿಗೆ ಹೊರುವುದು ಬಾಗಿಲ ಕೆಳಗಿನ ಸಿಲ್. ಅದು ಒಂದರ ಹಿಂದೆ ಒಂದಾಗಿ ತಗಡಿನ ಪದರಗಳು. ಹೊರಗಿನದಕ್ಕೆ ಮಿರಮಿರ ಬಣ್ಣವಿದ್ದರೂ ಒಳಗಿನದು ಪುಡಿಯಾಗಿರಬಹುದು. ಜಾಕ್ ಹಾಕಿ ಒಂದು ಬದಿ ಎತ್ತಿ, ಬಾಗಿಲು ತೆಗೆದು ಮುಚ್ಚಿ ನೋಡಿ. ಬಾಗಿಲು ಕಚ್ಚಿಕೊಂಡರೆ ಸಿಲ್ ಸೋತಿದೆ. ಅದನ್ನು ಕತ್ತರಿಸಿ ಬದಲಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆಯದಿದ್ದರೆ ಕಾರು ನಡು ಬಗ್ಗಿಬಿಡುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ.

1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಎಂಜಿಬಿಗೆ ಹೊಸ ಬಾಡಿಯನ್ನೇ ಒತ್ತಿಕೊಡಲು ಶುರುಮಾಡಿತು. ಬೆಲೆ ಮಾತ್ರ ದುಬಾರಿ. ಆದ್ದರಿಂದ ಎಂಜಿನ್ ಸತ್ತಿದ್ದರೂ ಸಿಲ್ ಗಟ್ಟಿಯಿರುವ ಕಾರು ಕಂಡರೆ ಅದನ್ನೇ ಕೊಳ್ಳಿ. ಬಿ ಸೀರೀಸ್ ಎಂಜಿನ್ನಿನ ಭಾಗಗಳು ಇವತ್ತಿಗೂ ಸಿಗುತ್ತವೆ.